ಎರಡು ಸಾಲುಗಳ ನಡುವಿನ ತಪ್ಪು

ಇಚಿಲಂಪಾಡಿಯಲ್ಲಿ ನಮ್ಮ ತೋಟಕ್ಕೂ ಚಿಕ್ಕಜ್ಜನ ತೋಟಕ್ಕೂ ಇರುವುದು ಒಂದೇ ಕೆರೆ. ಪಾಲಾಗುವಾಗ ಅಡಿಕೆ ಮರಗಳನ್ನು ಎಣಿಸಿ ಹಂಚಿಕೊಂಡರು, ಗದ್ದೆಯನ್ನು ಅಳೆದು ಹಂಚಿಕೊಂಡರು. ಕೆರೆಯನ್ನು ಮಾತ್ರ ಹಂಚಲಾಗಲಿಲ್ಲ. ಆಚೆ ದಂಡೆಯಲ್ಲಿ ಅವರ ಪಂಪ್ ಶೆಡ್ಡು, ಈಚೆ ದಂಡೆಯಲ್ಲಿ ನಮ್ಮದು. ಮಾರ್ಚ್ ಕಳೆದ ಮೇಲೆ ಕೆರೆಯಲ್ಲಿ ಒಂದು ತೋಟಕ್ಕೆ ಒಂದು ಸುತ್ತು ಬಿಡುವಷ್ಟೇ ನೀರು. ಬಿಟ್ಟ ಮೇಲೆ ಒರತೆ ತುಂಬಲು ಮರುದಿನದವರೆಗೆ ಕಾಯಬೇಕು.

ನಾನು ಹುಟ್ಟುವ ಮುಂಚಿನ ಒಂದು ಬೇಸಿಗೆಯ ಕತೆ ಇದು. ಆಗ ಮೂರು ಫೇಸಿನ ಕರೆಂಟು ಯಾವ ಹೊತ್ತಿಗೆ ಬರುತ್ತದೆಂದು ಹೇಳುವಂತಿರಲಿಲ್ಲ. ಸಂಜೆಯೇ ಹೋಗಿ ಸ್ಟಾರ್ಟರನ್ನು ಆಟೋದಲ್ಲಿಟ್ಟು ಬಂದು ಮಲಗುವುದು ರೂಢಿ. ಕರೆಂಟು ಬಂದೊಡನೆ ಪಂಪು ತಾನೇ ಓಡುತ್ತದೆ. ಅಂದು ಐದು ಗಂಟೆಗೆ ಅಜ್ಜ ಹೋಗಿ ನೋಡಿದರು, ಕೆರೆ ತುಂಬಿತ್ತು, ಆಟೋಕ್ಕೆ ಹಾಕಿ ಬಂದರು. ಆರು ಗಂಟೆಗೆ ಚಿಕ್ಕಜ್ಜ ನೋಡಿದರು, ಕೆರೆ ತುಂಬಿಯೇ ಇತ್ತು, ಅವರೂ ಹಾಕಿ ಬಂದರು. ಮಧ್ಯರಾತ್ರಿ ಕರೆಂಟು ಬಂತು. ಬೆಳಗ್ಗೆ ನೋಡಿದರೆ ಕೆರೆಯ ತಳದ ಕೆಸರು ಕಾಣುತ್ತಿತ್ತು, ಎರಡೂ ಮೋಟಾರು ಸುಟ್ಟಿದ್ದವು.

“ನಾನು ನೋಡುವಾಗ ತುಂಬಿತ್ತು ಮಾರಾಯ” ಎಂದು ಅಜ್ಜ. “ನಾನು ನೋಡುವಾಗಲೂ ತುಂಬಿಯೇ ಇತ್ತಲ್ಲ ಅಣ್ಣ” ಎಂದು ಚಿಕ್ಕಜ್ಜ. ಇಬ್ಬರೂ ಹೇಳಿದ್ದು ನಿಜ. ಆದರೂ ಎರಡು ವರ್ಷ ಮಾತು ನಿಂತಿತ್ತಂತೆ. ಕೊನೆಗೆ ಅಜ್ಜಿ ಕಡಬದ ಪೇಟೆಯಿಂದ ಒಂದೇ ಕೀಲಿಗೆ ತೆರೆಯುವ ಎರಡು ಬೀಗ ತರಿಸಿ ಎರಡೂ ಶೆಡ್ಡಿಗೆ ಹಾಕಿಸಿದರು. ಒಂದು ಕೀ ಇಟ್ಟುಕೊಂಡು ಉಳಿದವನ್ನು ಕೆರೆಗೆ ಎಸೆದರು. ಆ ಒಂದು ಕೀಯನ್ನು, ಪಾಲಾಗದೆ ಉಳಿದಿದ್ದ ಹಳೆಯ ಕೊಟ್ಟಿಗೆಯ ಕಂಬದ ಮೊಳೆಗೆ ನೇತುಹಾಕಿದರು. ಕೀ ಇದ್ದರೆ ತೆಗೆದುಕೋ, ಇಲ್ಲದಿದ್ದರೆ ಕಾಯಿ. ಪಂಪು ನಿಲ್ಲಿಸಿ ಬೀಗ ಹಾಕಿದ ಮೇಲೆಯೇ ವಾಪಸು ನೇತುಹಾಕು. ಅಷ್ಟೇ ನಿಯಮ.

ನನ್ನ ಪಿಎಚ್.ಡಿ. ಸಂಶೋಧನೆ ರಿಪೇರಿಯ ಚರಿತ್ರೆಯ ಮೇಲೆ. ಕಟ್ಟಿದವರ ಚರಿತ್ರೆ ಬೇಕಾದಷ್ಟಿದೆ, ಕೆಟ್ಟದ್ದನ್ನು ಸರಿಮಾಡಿದವರದ್ದು ಕಡಿಮೆ ಎಂಬ ಹಠದಿಂದ ಹಿಡಿದ ವಿಷಯ. ಅದರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದು ಡ್ರೈವರಿನ ತಪ್ಪನ್ನು ಅಧ್ಯಾಯವಾಗಿ ಸೇರಿಸಿದಾಗ ನನ್ನ ಮಾರ್ಗದರ್ಶಕರು, “ಇದು ಎಂಜಿನಿಯರುಗಳ ಲೆಕ್ಕ. ಇದರಲ್ಲಿ ಚರಿತ್ರೆ ಎಲ್ಲಿದೆ?” ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರ ಅಂದು ನನಗೇ ಸಮಾಧಾನವಾಗಿರಲಿಲ್ಲ. ಇಲ್ಲಿ ಬರೆಯುತ್ತಿರುವುದು ಅದೇ ಉತ್ತರದ ಎರಡನೆಯ ಪ್ರಯತ್ನ.

ಆ ತಪ್ಪಿನ ಜಾತಿಗೆ ‘ರೇಸ್ ಕಂಡಿಷನ್’ ಎಂದು ಹೆಸರು. ‘ಪೈಪೋಟಿ’ ಎಂದು ಕನ್ನಡಿಸಿ ನೋಡಿದೆ, ಒಗ್ಗಲಿಲ್ಲ. ಪೈಪೋಟಿ ಎಂದರೆ ಇಬ್ಬರಿಗೂ ಎದುರಾಳಿ ಯಾರೆಂದು ಗೊತ್ತಿರಬೇಕು. ಇಲ್ಲಿ ಇನ್ನೊಬ್ಬ ಇದ್ದಾನೆಂಬುದೇ ಗೊತ್ತಿರುವುದಿಲ್ಲ. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ತೆರಪು ಇರುತ್ತದೆ. ಆ ತೆರಪಿನಲ್ಲಿ ಇನ್ನೊಬ್ಬ ಬಂದು ಹೋಗುತ್ತಾನೆ. ನಾವು ನೋಡಿದ್ದು ಅಷ್ಟರಲ್ಲಿ ಹಳೆಯ ಸುದ್ದಿಯಾಗಿರುತ್ತದೆ. ಐದು ಗಂಟೆಯ ಕೆರೆಯನ್ನು ನಂಬಿ ಮಧ್ಯರಾತ್ರಿ ಪಂಪು ಓಡಿದ ಹಾಗೆ. ಕಂಪ್ಯೂಟರಿನಲ್ಲಿ ಆ ತೆರಪು ಸೆಕೆಂಡಿನ ಲಕ್ಷದ ಒಂದು ಭಾಗಕ್ಕಿಂತಲೂ ಚಿಕ್ಕದಿರಬಹುದು. ಸಾವಿರ ಸಲ ಓಡಿಸಿದರೂ ಏನೂ ಆಗುವುದಿಲ್ಲ, ಸಾವಿರದ ಒಂದನೆಯ ಸಲ ಆಗುತ್ತದೆ, ಮತ್ತೆ ಮಾಡಿ ತೋರಿಸು ಎಂದರೆ ಆಗುವುದಿಲ್ಲ.

ಅಜ್ಜಿಯ ಕೀಲಿಯ ಉಪಾಯವನ್ನು ರೈಲ್ವೆಯವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ನಮ್ಮ ತಾಲೂಕಿನ ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ನಿಲ್ದಾಣವಿದೆ. ಅಲ್ಲಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ, ಒಂಟಿ ಹಳಿ. ಎದುರುಬದುರು ಬರುವ ಎರಡು ರೈಲುಗಳಿಗೆ ಒಂದೇ ಹಳಿ ಸಿಕ್ಕಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಭಾರತದ ಒಂಟಿ ಹಳಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ನೀಲ್ಸ್ ಬಾಲ್ ಟೋಕನ್ ಯಂತ್ರ. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಪೆಟ್ಟಿಗೆ, ನಡುವೆ ತಂತಿ, ಒಳಗೆ ಲೋಹದ ಚೆಂಡುಗಳು. ಎರಡೂ ಪೆಟ್ಟಿಗೆಗಳಿಂದ ಸೇರಿ ಒಂದು ಸಲಕ್ಕೆ ಒಂದೇ ಚೆಂಡು ಹೊರಬರುತ್ತದೆ. ಆ ಚೆಂಡು ಕೈಯಲ್ಲಿಲ್ಲದೆ ಚಾಲಕ ಮುಂದಿನ ಹಳಿಗೆ ಹೋಗುವಂತಿಲ್ಲ. ದೊಡ್ಡ ಬೆತ್ತದ ಬಳೆಗೆ ಚೆಂಡಿನ ಚೀಲ ಕಟ್ಟಿ, ಓಡುವ ರೈಲಿನ ಚಾಲಕನಿಗೆ ದಾಟಿಸುತ್ತಿದ್ದ ದೃಶ್ಯವನ್ನು ಹಿರಿಯರು ಅನೇಕರು ನೋಡಿರುತ್ತೀರಿ. ನಂಬಿಕೆ, ಮಾತು, ಚೀಟಿ ಯಾವುದೂ ಸಾಲದು, ಕೈಯಲ್ಲಿ ವಸ್ತು ಬೇಕು ಎಂಬುದು ಅದರ ತತ್ವ.

ಕಂಪ್ಯೂಟರಿಗೆ ಈ ಮಾತನ್ನು ತಂದವರು ನೆದರ್ಲೆಂಡ್ಸ್‌ನ ಎಡ್ಸ್ಗರ್ ಡೈಕ್‌ಸ್ಟ್ರಾ, 1960ರ ದಶಕದ ಮೊದಲ ವರ್ಷಗಳಲ್ಲಿ. ಎಲೆಕ್ಟ್ರೋಲಾಜಿಕಾ ಎಕ್ಸ್8 ಎಂಬ ಯಂತ್ರದಲ್ಲಿ ಹಲವು ಕೆಲಸಗಳು ಒಟ್ಟಿಗೆ ನಡೆಯಬೇಕಿತ್ತು, ಒಂದರ ಮೇಲೊಂದು ಹಾಯಬಾರದಿತ್ತು. ಅವರು ಸೂಚಿಸಿದ್ದು ಒಂದು ಎಣಿಕೆ ಮತ್ತು ಅದರ ಮೇಲೆ ಎರಡೇ ಕ್ರಿಯೆ: ಪಿ ಮತ್ತು ವಿ. ಡಚ್ ಭಾಷೆಯ ಆರಂಭದ ಟಿಪ್ಪಣಿಯಲ್ಲಿ ಪಿ ಎಂದರೆ ‘ದಾಟುವುದು’, ವಿ ಎಂದರೆ ‘ಬಿಟ್ಟುಕೊಡುವುದು’. ಪದಗಳು ರೈಲ್ವೆ ಸಿಗ್ನಲ್ಲಿನಿಂದ ಬಂದವೆಂದು ಅವರೇ ಹೇಳಿದ್ದಾರೆ. ಆ ಎಣಿಕೆಗೆ ಇಟ್ಟ ಹೆಸರು ಸೆಮಾಫೋರ್, ಅಂದರೆ ಹಳಿಯ ಬದಿಯ ಕೈಕಂಬ. ಇಂದು ಪ್ರತಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯೂ ಸೆಮಾಫೋರ್ ಎಂದು ಬಾಯಿಪಾಠ ಮಾಡುತ್ತಾನೆ. ಅದರ ಹಿಂದಿನ ರೈಲು ಅವನಿಗೆ ಕಾಣುವುದು ಅಪರೂಪ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದಾಗ ಅದು ಒಂದೇ ಪ್ರೊಸೆಸರಿನ ಯಂತ್ರಕ್ಕಾಗಿ. ಮನೆಯಲ್ಲಿ ಒಬ್ಬನೇ ಇರುವಾಗ ಕೋಣೆಗೆ ಚಿಲಕ ಬೇಡ. 1996ರ 2.0 ಆವೃತ್ತಿಯಲ್ಲಿ ಹಲವು ಪ್ರೊಸೆಸರುಗಳಿಗೆ ಅವಕಾಶ ಬಂದಾಗ ಇಡೀ ಮನೆಗೆ ಒಂದೇ ಬೀಗ ಹಾಕಿದರು. ಅದರ ಹೆಸರೇ ‘ಬಿಗ್ ಕರ್ನೆಲ್ ಲಾಕ್’. ಸುರಕ್ಷಿತ, ಆದರೆ ನಿಧಾನ. ಒಬ್ಬ ಅಡುಗೆಮನೆಗೆ ಹೋದರೆ ಇನ್ನೊಬ್ಬ ಜಗಲಿಗೂ ಬರುವಂತಿಲ್ಲ. ಅದನ್ನು ಕೋಣೆ ಕೋಣೆಯ ಚಿಲಕಗಳಾಗಿ ಒಡೆಯುವ ಕೆಲಸ 2011ರಲ್ಲಿ, 2.6.39 ಆವೃತ್ತಿಯಲ್ಲಿ ಮುಗಿಯಿತು. ಹದಿನೈದು ವರ್ಷ ಹಿಡಿಯಿತು. ಪ್ರತಿ ಹೊಸ ಚಿಲಕದೊಂದಿಗೆ, ಹಾಕಲು ಮರೆಯಬಹುದಾದ ಚಿಲಕವೂ ಒಂದು ಹೆಚ್ಚಾಯಿತು.

ಈ ಕಾಲದ ಕೆಲಸದಲ್ಲಿ ಬೆಂಗಳೂರಿಗೂ ಪಾಲಿದೆ. ಓದುವವರು ಬೀಗವಿಲ್ಲದೆಯೇ ಓದಲಿ, ತಿದ್ದುವವರು ಹೊಸ ಪ್ರತಿ ಮಾಡಿ ಇಡಲಿ, ಹಳೆಯ ಪ್ರತಿ ಹಿಡಿದಿದ್ದವರೆಲ್ಲ ಕೆಳಗಿಟ್ಟ ಮೇಲೆಯೇ ಅದನ್ನು ಎಸೆಯಲಿ ಎಂಬ ಒಂದು ವಿಧಾನವಿದೆ, ಹೆಸರು ಆರ್‌ಸಿಯು. ಹೊಸ ಪಂಚಾಂಗ ತಂದ ದಿನವೇ ಹಳೆಯದನ್ನು ಒಲೆಗೆ ಹಾಕದೆ, ಅದರಲ್ಲಿ ಮುಹೂರ್ತ ನೋಡುತ್ತಿರುವವರು ಮುಗಿಸಲಿ ಎಂದು ಕಾಯುವ ಹಾಗೆ. ಇದರ ಹಿಂದಿನ ಮುಖ್ಯ ಹೆಸರು ಅಮೆರಿಕದ ಪಾಲ್ ಮೆಕೆನ್ನಿ. 2002ರ ಅಕ್ಟೋಬರಿನಲ್ಲಿ ಇದು ಲಿನಕ್ಸ್ 2.5.43ಕ್ಕೆ ಸೇರುವಂತೆ ಮಾಡಿದವರಲ್ಲಿ ಐಬಿಎಂನ ಬೆಂಗಳೂರು ಶಾಖೆಯ ದೀಪಂಕರ್ ಶರ್ಮಾ ಮುಖ್ಯರು. ಕಡತಗಳ ಹೆಸರು ಹುಡುಕುವ ಭಾಗಕ್ಕೆ ಅದನ್ನು ಅಳವಡಿಸಿದ ಕೆಲಸದಲ್ಲಿ ಮನೀಶ್ ಸೋನಿ ಅವರ ಹೆಸರೂ ಸೇರಿದೆ. ನಮ್ಮ ಸಾಫ್ಟ್‌ವೇರ್ ಚರಿತ್ರೆ ಎಂದರೆ ಬರೀ ಕಂಪನಿಗಳ ಗಾಜಿನ ಕಟ್ಟಡಗಳ ಚರಿತ್ರೆಯಾಗಿರುವಾಗ ಇಂಥ ಹೆಸರುಗಳನ್ನು ಹೇಳಿಯೇ ಮುಂದೆ ಹೋಗಬೇಕು ಅನ್ನಿಸುತ್ತದೆ.

ಇನ್ನು ನನ್ನ ಅಧ್ಯಾಯದ ಡ್ರೈವರಿಗೆ ಬರುತ್ತೇನೆ. ಅದರ ಹೆಸರು ಎನ್_ಎಚ್‌ಡಿಎಲ್‌ಸಿ. ಸೀರಿಯಲ್ ತಂತಿಯ ಮೇಲೆ ಮಾಹಿತಿಯನ್ನು ಚೌಕಟ್ಟು ಕಟ್ಟಿ ಕಳುಹಿಸುವ ಎಚ್‌ಡಿಎಲ್‌ಸಿ ಎಂಬ ಹಳೆಯ ಪದ್ಧತಿಗಾಗಿ, ಮೈಕ್ರೋಗೇಟ್ ಎಂಬ ಕಂಪನಿಯ ಕಾರ್ಡುಗಳ ಸಲುವಾಗಿ ಬರೆದದ್ದು. ಕರ್ನೆಲ್‌ನಲ್ಲಿ ಡ್ರೈವರುಗಳ ಕಪಾಟಿನ ಟಿಟಿವೈ ಎಂಬ ಅರೆಯಲ್ಲಿ ಕೂತಿದೆ. ನಮ್ಮಲ್ಲಿ ಯಾರೂ ಆ ಕಾರ್ಡನ್ನು ನೋಡಿರಲಿಕ್ಕಿಲ್ಲ. ಆದರೆ ಬಹುತೇಕ ಎಲ್ಲ ಪ್ರಮುಖ ಲಿನಕ್ಸ್ ವಿತರಣೆಗಳೂ ಈ ಮಾಡ್ಯೂಲನ್ನು ಜೊತೆಗೆ ಕೊಡುತ್ತಿದ್ದವು. ಕಾರ್ಡು ಇಲ್ಲದ ಯಂತ್ರದಲ್ಲೂ, ಯಾವ ಅಧಿಕಾರವೂ ಇಲ್ಲದ ಸಾಮಾನ್ಯ ಬಳಕೆದಾರ ಒಂದು ಹುಸಿ ಟರ್ಮಿನಲ್ ತೆರೆದು, ಇದಕ್ಕೆ ಎಚ್‌ಡಿಎಲ್‌ಸಿ ಪದ್ಧತಿ ಹಾಕು ಎಂದು ಕೇಳಿದರೆ ಸಾಕು, ಮಾಡ್ಯೂಲು ತಾನಾಗಿ ಎದ್ದು ಬರುತ್ತಿತ್ತು.

ಒಳಗಿನ ವ್ಯವಹಾರವನ್ನು ಡಬ್ಬಗಳ ಲೆಕ್ಕದಲ್ಲಿ ಹೇಳಬಹುದು. ಕಳುಹಿಸಬೇಕಾದ ಮಾಹಿತಿಯನ್ನು ಡಬ್ಬಗಳಲ್ಲಿ ತುಂಬುತ್ತಾರೆ. ತುಂಬಿದ ಡಬ್ಬಗಳ ಸಾಲು ಒಂದು, ಖಾಲಿ ಡಬ್ಬಗಳ ಸಾಲು ಇನ್ನೊಂದು. ಕಳುಹಿಸುವ ಕೆಲಸಗಾರ ತುಂಬಿದ ಸಾಲಿನಿಂದ ಡಬ್ಬ ತೆಗೆದು, ಕಳುಹಿಸಿ, ಖಾಲಿ ಸಾಲಿಗೆ ಇಡುತ್ತಾನೆ. ಎಲ್ಲೋ ಅಡ್ಡಿಯಾಗಿ ಕಳುಹಿಸಲಾಗದೆ ಹೋದರೆ? ಆ ಡಬ್ಬವನ್ನು ಪಕ್ಕದ ಒಂದು ಜೇಬಿನಲ್ಲಿಟ್ಟುಕೊಂಡು ಮುಂದಿನ ಸಲ ಮೊದಲು ಅದನ್ನೇ ಕಳುಹಿಸುತ್ತಾನೆ. ಜೇಬಿನ ಹೆಸರು ಟಿಬಫ್. ಎರಡೂ ಸಾಲುಗಳಿಗೆ ಬೀಗವಿತ್ತು. ಜೇಬಿಗೆ ಇರಲಿಲ್ಲ. ಜೇಬಿಗೆ ಕೈ ಹಾಕುವವನು ಒಬ್ಬನೇ ಆಗಿದ್ದರಿಂದ ಬೇಕಾಗಿಯೂ ಇರಲಿಲ್ಲ.

2009ರ ಜೂನ್ 22ರಂದು ಇದಕ್ಕೆ ಒಂದು ಸೌಲಭ್ಯ ಸೇರಿತು. ಕಳುಹಿಸದೆ ಉಳಿದದ್ದನ್ನೆಲ್ಲ ಬಿಸಾಡು ಎಂದು ಬಳಕೆದಾರ ಕೇಳಿದರೆ ಬಿಸಾಡಬೇಕು. ನ್ಯಾಯವಾದ ಬೇಡಿಕೆಯೇ. ಹೊಸದಾಗಿ ಬಂದ ಈ ಗುಡಿಸುವ ಕೆಲಸಗಾರ ತುಂಬಿದ ಸಾಲಿನ ಡಬ್ಬಗಳನ್ನೆಲ್ಲ ಖಾಲಿ ಸಾಲಿಗೆ ಹಾಕುತ್ತಾನೆ, ಆಮೇಲೆ ಜೇಬಿಗೂ ಕೈ ಹಾಕಿ ಅಲ್ಲಿದ್ದ ಡಬ್ಬವನ್ನೂ ಖಾಲಿ ಸಾಲಿಗೆ ಸೇರಿಸುತ್ತಾನೆ. ಜೇಬಿಗೆ ಕೈ ಹಾಕುವಾಗ ಅವನು ಬೀಗವನ್ನೂ ಹಿಡಿಯುತ್ತಾನೆ, ಬರೆದವರು ಅಜಾಗರೂಕರಲ್ಲ. ಆದರೆ ಕಳುಹಿಸುವ ಹಳೆಯ ಕೆಲಸಗಾರ ಜೇಬನ್ನು ಮುಟ್ಟುವಾಗ ಆ ಬೀಗವನ್ನು ಹಿಡಿಯುತ್ತಿರಲಿಲ್ಲ. ಒಬ್ಬನಷ್ಟೇ ಪಾಲಿಸುವ ಬೀಗ ಬೀಗವೇ ಅಲ್ಲ. ಎರಡು ಪ್ರೊಸೆಸರುಗಳ ಮೇಲೆ ಇಬ್ಬರೂ ಒಂದೇ ಕ್ಷಣಕ್ಕೆ ಬಂದರೆ, ಒಂದೇ ಡಬ್ಬ ಖಾಲಿ ಸಾಲಿಗೆ ಎರಡು ಸಲ ಸೇರುತ್ತಿತ್ತು. ಅಂಗಡಿ ಮುಚ್ಚುವಾಗ ಕರ್ನೆಲ್ ಸಾಲಿನಲ್ಲಿದ್ದ ಡಬ್ಬಗಳನ್ನೆಲ್ಲ ಸ್ಮೃತಿಗೆ ಹಿಂದಿರುಗಿಸುತ್ತದೆ, ಆ ಒಂದನ್ನು ಎರಡು ಸಲ. ಒಂದೇ ಜಾಗದ ಹಕ್ಕುಪತ್ರವನ್ನು ಇಬ್ಬರಿಗೆ ಕೊಟ್ಟ ಹಾಗೆ. ಇದನ್ನು ಬಲ್ಲ ದುಷ್ಟ ಬಳಕೆದಾರ ಆ ಜಾಗಕ್ಕೆ ತನ್ನ ವಸ್ತುವನ್ನು ತಂದಿಟ್ಟು ಇಡೀ ಯಂತ್ರದ ಯಜಮಾನನಾಗಬಹುದಿತ್ತು.

ಏಳು ವರ್ಷ ಎಂಟು ತಿಂಗಳು ಇದು ಹಾಗೆಯೇ ಇತ್ತು. ಕರ್ನೆಲ್‌ಗೆ ಎಡೆಬಿಡದೆ ಅಡ್ಡಾದಿಡ್ಡಿ ಬೇಡಿಕೆಗಳನ್ನು ಕಳುಹಿಸಿ, ಎಲ್ಲಿ ಬೀಳುತ್ತದೆಂದು ನೋಡುವ ಸಿಜ್‌ಕಾಲರ್ ಎಂಬ ಉಪಕರಣವನ್ನು ಗೂಗಲ್‌ನಲ್ಲಿ ರೂಪಿಸಿದ್ದರು. ರಷ್ಯಾದ ಅಲೆಕ್ಸಾಂಡರ್ ಪೊಪೊವ್ ಅದನ್ನು ಓಡಿಸುತ್ತಿದ್ದಾಗ ಅನುಮಾನಾಸ್ಪದವಾಗಿ ಕರ್ನೆಲ್ ಬಿದ್ದದ್ದು ಕಂಡಿತು. ಬಿದ್ದದ್ದು ಕಾಣುವುದು ಸುಲಭ, ಏಕೆ ಬಿತ್ತೆಂದು ಹೇಳುವುದು ಕಷ್ಟ. ಎರಡು ಎಳೆಗಳನ್ನು ಎರಡು ಪ್ರೊಸೆಸರುಗಳಿಗೆ ಕಟ್ಟಿ, ಒಂದರಿಂದ ಕಳುಹಿಸುತ್ತ ಇನ್ನೊಂದರಿಂದ ಗುಡಿಸುತ್ತ, ನಡುವಿನ ಅಂತರವನ್ನು ಚೂರುಚೂರೇ ಬದಲಿಸುತ್ತ ಹೋಗಿ ಆ ಕ್ಷಣವನ್ನು ಮತ್ತೆ ಹಿಡಿದರು. 2017ರ ಫೆಬ್ರುವರಿ 28ರಂದು ಕರ್ನೆಲ್‌ನ ಸುರಕ್ಷಾ ತಂಡಕ್ಕೆ ತಪ್ಪನ್ನೂ ತಿದ್ದುಪಡಿಯನ್ನೂ ಒಟ್ಟಿಗೆ ಕಳುಹಿಸಿದರು. ಮಾರ್ಚ್ 7ರಂದು ಜಗತ್ತಿಗೆ ತಿಳಿಸಿದರು. ಅಷ್ಟರಲ್ಲಿ ತಪ್ಪಿಗೆ ಸಿವಿಇ-2017-2636 ಎಂಬ ಸಂಖ್ಯೆ ಸಿಕ್ಕಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತಿದ್ದುಪಡಿ. ಜೇಬಿಗೂ ಒಂದು ಬೀಗ ಹಾಕಿ, ಇಬ್ಬರೂ ಅದನ್ನು ಪಾಲಿಸುವಂತೆ ಮಾಡಬಹುದಿತ್ತು ಎಂದು ನಾನು ನಿರೀಕ್ಷಿಸಿದ್ದೆ. ಪೊಪೊವ್ ಜೇಬನ್ನೇ ಕಿತ್ತುಹಾಕಿದ್ದರು. ಡಬ್ಬ ಕಳುಹಿಸಲಾಗದೆ ಹೋದರೆ ಅದನ್ನು ತುಂಬಿದ ಸಾಲಿನ ತಲೆಗೇ ವಾಪಸು ಇಡು. ಸಾಲಿಗೆ ಹೇಗೂ ಬೀಗ ಇದೆ. ಜೊತೆಗೆ ಆ ಡ್ರೈವರಿಗೆಂದೇ ಕೈಯಲ್ಲಿ ಕಟ್ಟಿದ್ದ ಸಾಲಿನ ರಚನೆಯನ್ನು ತೆಗೆದು, ಇಡೀ ಕರ್ನೆಲ್ ಬಳಸುವ ಸಾಮಾನ್ಯ ಪಟ್ಟಿಯನ್ನೇ ಹಾಕಿದ್ದರು. ಹತ್ತು ಜನ ಓಡಾಡುವ ದಾರಿಯಲ್ಲಿ ಗುಂಡಿ ಬೇಗ ಕಣ್ಣಿಗೆ ಬೀಳುತ್ತದೆ. ಒಳ್ಳೆಯ ರಿಪೇರಿ ಹಲವು ಸಲ ಕಳೆಯುವ ಲೆಕ್ಕ ಎಂದು ನಮ್ಮೂರಿನ ಪಂಪಿನ ಮೆಕ್ಯಾನಿಕ್ಕುಗಳನ್ನು ನೋಡಿ ನನಗೆ ಅನ್ನಿಸಿತ್ತು. ಇಲ್ಲಿ ಅದಕ್ಕೆ ಲಿಖಿತ ಆಧಾರ ಸಿಕ್ಕಿತು.

ಲಿಖಿತ ಆಧಾರ ಎಂದೆ. ಲಿನಕ್ಸ್‌ನ ಬದಲಾವಣೆಗಳೆಲ್ಲ 2005ರ ಏಪ್ರಿಲ್‌ನಿಂದ ಗಿಟ್ ಎಂಬ ಭಂಡಾರದಲ್ಲಿವೆ. ಯಾವ ಸಾಲನ್ನು ಯಾರು, ಯಾವ ದಿನ, ಏಕೆ ಬದಲಿಸಿದರು ಎಂಬುದು ಅಲ್ಲಿ ದಾಖಲಾಗುತ್ತದೆ. ದಾನಶಾಸನಗಳಲ್ಲಿ ಕೊಟ್ಟವನ ಹೆಸರು, ತಿಥಿ, ಸಾಕ್ಷಿಗಳು ಇರುವಂತೆ. ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಸಮೃದ್ಧ ಕಡತ ಸಿಗುವುದು ಕಷ್ಟ. ಸಾಲಿಗೆ ಕರ್ತೃವನ್ನು ತೋರಿಸುವ ಆದೇಶದ ಹೆಸರು ಮಾತ್ರ ‘ಬ್ಲೇಮ್’, ಅಂದರೆ ದೂರು. ನಾನು ಈ ಡ್ರೈವರಿನ ಮೇಲೆ ಅದನ್ನು ಓಡಿಸಿ ನೋಡಿದೆ. ಜೇಬಿನ ಸಾಲಿಗೆ ಹೆಸರು ಬಂತು, ಆ ಸಾಲು ಒಂಟಿಯಾಗಿ ಸರಿಯಾಗಿತ್ತು. ಗುಡಿಸುವ ಸಾಲಿಗೂ ಹೆಸರು ಬಂತು, ಅದೂ ಒಂಟಿಯಾಗಿ ಸರಿಯಾಗಿತ್ತು. ತಪ್ಪು ಇದ್ದದ್ದು ಎರಡರ ನಡುವೆ. ಅಲ್ಲಿ ಸಾಲೇ ಇಲ್ಲ, ಆದ್ದರಿಂದ ಹೆಸರೂ ಇಲ್ಲ. 2009ರ ಬದಲಾವಣೆ ಬರೆದವರ ಹೆಸರನ್ನು ನಾನು ಇಲ್ಲಿ ಬರೆಯದಿರುವುದು ಮರೆವಿನಿಂದಲ್ಲ. ಇದರಲ್ಲಿ ಚರಿತ್ರೆ ಎಲ್ಲಿದೆ ಎಂಬ ಪ್ರಶ್ನೆಗೆ ಈಗ ನಾನು ಇದನ್ನೇ ಹೇಳುತ್ತೇನೆ: ಹಳೆಯ ಸಾಲನ್ನು ಬರೆದಾಗ ಅದರ ಸುತ್ತ ಇದ್ದ ಜಗತ್ತು ಯಾವುದು, ಹೊಸ ಸಾಲು ಬಂದಾಗ ಆ ಜಗತ್ತಿನಲ್ಲಿ ಏನು ಬದಲಾಯಿತು ಎಂದು ಕೇಳದೆ ಈ ತಪ್ಪು ಕಾಣುವುದೇ ಇಲ್ಲ.

ಇದನ್ನು ಪಾಂಡಿತ್ಯದ ಮಾತು ಎಂದು ಬದಿಗಿಡುವವರಿಗೆ ಥೆರಾಕ್-25 ಸಾಕು. ಕೆನಡಾದಲ್ಲಿ ತಯಾರಾದ ಈ ವಿಕಿರಣ ಚಿಕಿತ್ಸಾ ಯಂತ್ರದಿಂದ 1985 ಮತ್ತು 1987ರ ನಡುವೆ ಆರು ಅಪಘಾತಗಳಾದವು, ರೋಗಿಗಳು ಸತ್ತರು. 1986ರಲ್ಲಿ ಟೆಕ್ಸಾಸ್‌ನ ಟೈಲರ್‌ನಲ್ಲಿ ನಡೆದವಕ್ಕೆ ಕಾರಣ ರೇಸ್ ಕಂಡಿಷನ್. ಯಂತ್ರದ ಆಯಸ್ಕಾಂತಗಳು ಸ್ಥಾನಕ್ಕೆ ಬರಲು ಸುಮಾರು ಎಂಟು ಸೆಕೆಂಡು ಬೇಕು. ಕೈ ಪಳಗಿದ ಆಪರೇಟರ್ ಅಷ್ಟರೊಳಗೆ ತಪ್ಪು ಅಕ್ಷರವನ್ನು ತಿದ್ದಿ ಮುಂದೆ ಹೋದರೆ, ತಿದ್ದಿದ್ದು ಪರದೆಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ನಿಧಾನವಾಗಿ ಟೈಪ್ ಮಾಡುವವರ ಕೈಯಲ್ಲಿ ಈ ತಪ್ಪು ಬರುತ್ತಲೇ ಇರಲಿಲ್ಲ. ಇಂಥದೇ ದೋಷ ಹಿಂದಿನ ಥೆರಾಕ್-20ರಲ್ಲೂ ಇತ್ತೆಂದು ಆಮೇಲೆ ಗೊತ್ತಾಯಿತು. ಅಲ್ಲಿ ಯಾರೂ ಸಾಯಲಿಲ್ಲ, ಏಕೆಂದರೆ ಆ ಯಂತ್ರದಲ್ಲಿ ತಪ್ಪಿದರೆ ತಡೆಯುವ ಲೋಹದ ಇಂಟರ್‌ಲಾಕ್‌ಗಳಿದ್ದವು. ಹೊಸದರಲ್ಲಿ ಸಾಫ್ಟ್‌ವೇರನ್ನು ನಂಬಿ ಅವನ್ನು ತೆಗೆದಿದ್ದರು.

ನಮ್ಮ ಡ್ರೈವರಿನಿಂದ ಅಂಥ ಅನಾಹುತವೇನೂ ಆಗಲಿಲ್ಲ. ಆದರೂ ಅದು ಎಷ್ಟು ಹತ್ತಿರ ಬಂದಿತ್ತೆಂದು ಯೋಚಿಸುತ್ತೇನೆ. ಗಡಿಯಾಚೆ ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಸ್ವತಂತ್ರ ತಂತ್ರಾಂಶದಲ್ಲಿ. ಆ ವರ್ಷಗಳಲ್ಲಿ ಐಟಿ@ಸ್ಕೂಲ್ ಯೋಜನೆಯವರು ಉಬುಂಟುವನ್ನು ಆಧರಿಸಿ ವ್ಯವಸ್ಥೆ ಸಿದ್ಧಪಡಿಸುತ್ತಿದ್ದರು. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತರು. ಆ ಉಬುಂಟುಗಳ ಜೊತೆ ಈ ಮಾಡ್ಯೂಲೂ ಬರುತ್ತಿತ್ತು. ಪೊಪೊವ್ ಸರಿಪಡಿಸಿದ್ದು ಅವರ ಯಂತ್ರಗಳನ್ನೂ ಸೇರಿಸಿ. ತಿದ್ದುಪಡಿ ಬರೆದಾಯಿತು ಎಂದರೆ ತಲುಪಿತು ಎಂದಲ್ಲ; ಲ್ಯಾಬಿನ ಪ್ರತಿ ಯಂತ್ರದಲ್ಲೂ ಯಾರೋ ಕೂತು ಅಪ್‌ಡೇಟ್ ಒತ್ತಬೇಕು. ಆ ಒತ್ತಿದವರ ಹೆಸರು ಯಾವ ಗಿಟ್‌ನಲ್ಲೂ ಇರುವುದಿಲ್ಲ.

ಕೆರೆಯ ಕತೆ ಮುಗಿದಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅಪ್ಪ ಒಂದು ಮೊಬೈಲ್ ಸ್ಟಾರ್ಟರ್ ಹಾಕಿಸಿದರು, ಮರುವರ್ಷ ಚಿಕ್ಕಪ್ಪನೂ ಹಾಕಿಸಿದರು. ಜಗಲಿಯಲ್ಲೇ ಕೂತು ಒಂದು ಕಾಲ್ ಮಾಡಿದರೆ ಪಂಪು ಶುರು. ಶೆಡ್ಡಿನ ಬಾಗಿಲು ತೆರೆಯುವ ಕೆಲಸವಿಲ್ಲ, ಹಾಗಾಗಿ ಕೀ ತೆಗೆಯುವ ಕೆಲಸವೂ ಇಲ್ಲ. ಕಳೆದ ಏಪ್ರಿಲಿನಲ್ಲಿ ನಾನು ಊರಲ್ಲಿದ್ದಾಗಲೇ ಕೆರೆ ಮತ್ತೊಮ್ಮೆ ತಳ ಕಂಡಿತು. ನೀರಿಲ್ಲದಾಗ ತಾನೇ ನಿಲ್ಲುವ ವ್ಯವಸ್ಥೆ ಈಗಿನ ಸ್ಟಾರ್ಟರಿನಲ್ಲಿ ಇರುವುದರಿಂದ ಮೋಟಾರು ಉಳಿಯಿತು, ಮಾತೂ ಉಳಿಯಿತು. ಈಗ ಹಾಕುವ ಮೊದಲು ಫೋನ್ ಮಾಡಿ ಕೇಳಿಕೊಳ್ಳುತ್ತಾರೆ. ನೆಟ್‌ವರ್ಕ್ ಇದ್ದರೆ.

ನಾನು ಇದೆಲ್ಲವನ್ನೂ ವಿವರಿಸಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡೂ ಸ್ಟಾರ್ಟರಿಗೆ ಒಂದೇ ನಂಬರಿನಿಂದ ಮಾತ್ರ ಕಾಲ್ ಹೋಗುವ ಹಾಗೆ ಮಾಡಿ, ಆ ಫೋನನ್ನು ಕೊಟ್ಟಿಗೆಯ ಮೊಳೆಗೆ ನೇತುಹಾಕಿದರೆ ಆಯಿತಲ್ಲ ಎಂದರು. ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ಫೋನ್ ಚಾರ್ಜ್ ಮಾಡುವವರು ಯಾರು ಎಂದು ಕೇಳುತ್ತಿದ್ದಾರೆ.